ಮಾಲಕನ ಪಾರ್ಟು ಮಾಡುತ್ತಿದ್ದ ಕಾಕು

ನಾನು ಮೊದಲ ಸಲ ಅವರನ್ನು ಕಂಡಾಗ ಅವರು ನನ್ನ ವಿದ್ಯಾರ್ಥಿಯೊಬ್ಬನನ್ನು ಕೆಡಿಸುವ ಕೆಲಸದಲ್ಲಿದ್ದರು.

ಸಾಂಗಲಿಯ ವಿಶ್ರಾಮಬಾಗದಲ್ಲಿರುವ ನಮ್ಮ ಇಂಜಿನಿಯರಿಂಗ್ ಕಾಲೇಜಿನ ಸೆಮಿನಾರ್ ಹಾಲು. ವೇದಿಕೆಯ ಮೇಲೆ ಒಂದು ಮೇಜು, ಎದುರುಬದುರು ಎರಡು ಕುರ್ಚಿ. ಒಂದರಲ್ಲಿ ಮೂರನೆಯ ವರ್ಷದ ಸಿವಿಲ್ ವಿದ್ಯಾರ್ಥಿ ಬೆನ್ನು ಸೆಟೆಸಿ ಕುಳಿತಿದ್ದ. ಇನ್ನೊಂದರಲ್ಲಿ ಅರವತ್ತು ದಾಟಿದ ಹೆಂಗಸು. ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ದಪ್ಪ ಕಟ್ಟಿನ ಕನ್ನಡಕ. ಅವರು ಬಸಿಯ ಮೇಲಿದ್ದ ಚಹಾದ ಕಪ್ಪನ್ನು ಹುಡುಗನ ಕಡೆಗೆ ಮೆಲ್ಲಗೆ ಸರಿಸಿ, ನಿಮ್ಮ ತಂದೆ ಯಾವ ಊರಿನವರು ಎಂದು ಮರಾಠಿಯಲ್ಲಿ ಕೇಳಿದರು. ಹುಡುಗ ಹೇಳಿದ. ಅವರ ಮುಖ ಅರಳಿತು. ಅಯ್ಯೋ, ಹಾಗಾದರೆ ನೀನು ನಮ್ಮವನೇ ಅಲ್ಲವೇನಪ್ಪ, ನಿನಗೆ ಹೊರಗಿನವರ ಹಾಗೆ ಕೆಲಸ ಹೇಳಲಿಕ್ಕೆ ನನಗೇ ನಾಚಿಕೆ ಎಂದರು. ಆಮೇಲೆ ಒಂದು ಕಾಗದವನ್ನು ಮುಂದಿಟ್ಟು, ಈ ಕಾಂಕ್ರೀಟಿನ ಪರೀಕ್ಷೆ ಆಗಿದೆ ಎಂದು ಒಂದು ಸಹಿ ಹಾಕಿಬಿಡು, ಪರೀಕ್ಷೆಯನ್ನು ನಾಳೆ ಮಾಡಿದರಾಯಿತು, ಕಾಂಕ್ರೀಟೇನು ಓಡಿ ಹೋಗುತ್ತದೆಯೇ ಎಂದರು. ಹುಡುಗ ನಕ್ಕ, ತಲೆ ಕೆರೆದುಕೊಂಡ, ಸಹಿ ಹಾಕಿದ.

ಹಾಲಿನ ತುಂಬ ಚಪ್ಪಾಳೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ನಾಟಕ ಮುಗಿಯಿತು ಎನ್ನುವುದಕ್ಕೆ ಅದೇ ಗುರುತು ಎಂದು ನನಗೆ ಆಮೇಲೆ ತಿಳಿಯಿತು.

"ನೋಡಿದಿರಾ? ಇವನು ಲಂಚ ತೊಗೊಳ್ಳಲಿಲ್ಲ, ನಾನು ಹೆದರಿಸಲೂ ಇಲ್ಲ. ಬರೀ ಚಹಾ ಕುಡಿದ" ಎಂದು ಸಭೆಗೆ ಹೇಳಿ, "ಮುಂದಿನವರು ಯಾರು?" ಎಂದು ಕೇಳಿದರು.

ಹೋದ ದೀಪಾವಳಿಗೆ ಸ್ವಲ್ಪ ಮೊದಲು ಅವರು ತೀರಿಕೊಂಡರು. ಸಾಂಗಲಿಯ ಪೇಟೆಯಲ್ಲಿ ಸಣ್ಣವರು ದೊಡ್ಡವರೆನ್ನದೆ ಎಲ್ಲರೂ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ನನಗೂ ಅವರು ಕಾಕುವೇ. ಇಷ್ಟು ವರ್ಷ ಹತ್ತಿರದಿಂದ ನೋಡಿಯೂ ಅವರು ಪೂರ್ತಿ ಅರ್ಥವಾದರು ಎಂದು ಹೇಳಲಾರೆ.

ಆ ದಿನ ನಾನು ಸ್ವಂತ ಇಚ್ಛೆಯಿಂದ ಅಲ್ಲಿ ಇರಲಿಲ್ಲ. ಇಂಜಿನಿಯರಿಂಗ್ ಓದುವ ಮಕ್ಕಳಿಗೆ ವೃತ್ತಿಯ ನೀತಿ, ಶೀಲ ಇವನ್ನು ಕಲಿಸುವ ಒಂದು ಸಣ್ಣ ಸೇವಾ ಸಂಸ್ಥೆಯವರು ಬರುತ್ತಾರೆ, ನೀವು ನಿಂತು ನೋಡಿಕೊಳ್ಳಿ ಎಂದು ಪ್ರಿನ್ಸಿಪಾಲರು ನನ್ನ ತಲೆಗೆ ಕಟ್ಟಿದ್ದರು. ನೀತಿಯ ಉಪನ್ಯಾಸ ಎಂದರೆ ಹೇಗಿರುತ್ತದೆ ಎಂದು ಗೊತ್ತಿದ್ದರಿಂದ ತಿದ್ದಲು ಉತ್ತರಪತ್ರಿಕೆಗಳ ಕಟ್ಟನ್ನೂ ತಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಕಟ್ಟು ಬಿಚ್ಚಲೇ ಇಲ್ಲ.

ಕಾರ್ಯಕ್ರಮ ಮುಗಿದ ಮೇಲೆ ನನ್ನ ತಾಯಿಯ ಫೋನು ಬಂತು. ನಾನು ಬಾಗಿಲ ಹತ್ತಿರ ನಿಂತು ಕನ್ನಡದಲ್ಲಿ ಮಾತಾಡಿ ಇಡುವಷ್ಟರಲ್ಲಿ ಕಾಕು ಪಕ್ಕದಲ್ಲೇ ನಿಂತಿದ್ದರು.

"ಯಾವ ಊರ್ರಿ ಸರ್ ನಿಮ್ಮದು?"

"ಬೇಡಗ್ರಿ."

"ಮತ್ತ ಮುಂಜಾನಿಯಿಂದ ನನ್ನ ಕೂಡ ಮರಾಠಿ ಯಾಕ ಮಾತಾಡಾಕತ್ತೀರಿ? ಬಾಯಿ ನೋಯಲಿಲ್ಲೇನು?"

ನಾವು ಮೀರಜ ಹತ್ತಿರದ ಬೇಡಗದ ಜೈನರು, ಒಕ್ಕಲುತನದವರು. ಅವರು ಸಾಂಗಲಿಯ ಲಿಂಗಾಯತ ವ್ಯಾಪಾರಿಗಳ ಮನೆಯ ಸೊಸೆ. ಅರಿಶಿನದ ಸಗಟು ವ್ಯಾಪಾರ. ಗಂಡ ತೀರಿಕೊಂಡ ಮೇಲೆ, ಮಗ ದೊಡ್ಡವನಾಗುವ ತನಕ, ಅಂಗಡಿಯ ಗಾದಿಯ ಮೇಲೆ ಅವರೇ ಕೂರುತ್ತಿದ್ದರು. ಇಂಜಿನಿಯರಿಂಗಿಗೂ ಅವರಿಗೂ ಏನೂ ಸಂಬಂಧವಿರಲಿಲ್ಲ. ಮನೆಯಲ್ಲಿ ಯಾರೂ ಅದನ್ನು ಓದಿರಲಿಲ್ಲ. ಇಂಥವರು ಈ ಸಂಸ್ಥೆಯಲ್ಲಿ ಏನು ಮಾಡುತ್ತಿದ್ದಾರೆ ಎಂಬ ಕುತೂಹಲ ನನ್ನನ್ನು ಅವರ ಹಿಂದೆ ಹೋಗುವ ಹಾಗೆ ಮಾಡಿತು. ಮೊದಲು ಒಂದು ಕಾರ್ಯಕ್ರಮಕ್ಕೆ ಹೋದೆ, ಆಮೇಲೆ ಇನ್ನೊಂದಕ್ಕೆ. ವರ್ಷ ತುಂಬುವುದರೊಳಗೆ ನಾನೂ ಸಂಸ್ಥೆಯ ಕುರ್ಚಿ ಹೊರುವವರಲ್ಲಿ ಒಬ್ಬನಾಗಿದ್ದೆ.

ಸಂಸ್ಥೆಯನ್ನು ಕಟ್ಟಿದವರು ಬೇರೊಂದು ಕಾಲೇಜಿನಿಂದ ನಿವೃತ್ತರಾದ ಪ್ರೊಫೆಸರರು. ಅವರು ಕಾಕುವಿನ ಗಂಡನ ಗೆಳೆಯರು. ಎಲ್ಲ ಲೆಕ್ಕ ಬಿಡಿಸಬಲ್ಲ ಹುಡುಗರು ಕೆಲಸಕ್ಕೆ ಸೇರಿದ ಕೂಡಲೇ ಯಾವ ಕಾಗದಕ್ಕೆ ಬೇಕಾದರೂ ಸಹಿ ಹಾಕುತ್ತಾರಲ್ಲ ಎಂಬ ಸಂಕಟ ಅವರದು. ಗೆಳೆಯ ಹೋದ ಮೇಲೆ ಅಂಗಡಿಗೆ ಬಂದು, ನಮ್ಮ ಕೆಲಸಕ್ಕೆ ನಿಮ್ಮ ಬೆಂಬಲ ಬೇಕು ಎಂದು ಕಾಕುವನ್ನು ಕೇಳಿದರು. ಕೊಡುತ್ತೇನೆ, ಆದರೆ ಏನು ಮಾಡುತ್ತೀರಿ ಎಂದು ಬಂದು ನೋಡುತ್ತೇನೆ ಎಂದರು ಇವರು. ಬಂದು, ಹಿಂದಿನ ಬೆಂಚಿನ ಮೇಲೆ ಕುಳಿತು, ಪ್ರೊಫೆಸರರ ಉಪನ್ಯಾಸವನ್ನು ಪೂರ್ತಿ ಕೇಳಿದರು. ಅದನ್ನು ಅವರೇ ನನಗೆ ನಗುತ್ತ ಹೇಳಿದ್ದು ಹೀಗೆ:

"ಸುಳ್ಳು ಹೇಳಬಾರದು, ಕಳುವು ಮಾಡಬಾರದು, ಅಂತ ಚಲೋ ಹೇಳಿದರ್ರಿ. ಹುಡುಗೂರು ನಿದ್ದಿ ಮಾಡಾಕತ್ತಿದ್ದರು. ನಾ ಆಮ್ಯಾಲ ಕೇಳಿದೆ, ಸರ್, ಇದು ಇವರಿಗೆ ಬಾಲವಾಡ್ಯಾಗ ಗೊತ್ತಾಗೇತಿ. ಮಾಲಕನ ಮುಂದ ನಿಂತಾಗ ಬಾಯಿಲೆ ಏನ ಅನಬೇಕು, ಅದನ್ನ ಯಾರರ ಕಲಸ್ಯಾರೇನು? ಅದಕ್ಕ ಅವರು, ನೀವ ಕಲಸ್ರಿ ಹಂಗಾರ, ಅಂದರು. ಸಿಟ್ಟಿನಾಗ ಅಂದರೋ ಖರೇನ ಅಂದರೋ ಗೊತ್ತಿಲ್ಲ. ನಾ ಎದ್ದು ಹೋಗಿ ಕುರ್ಚಿ ಮ್ಯಾಲ ಕುಂತೆ."

ಹಾಗೆ ಅವರು ಮಾಲಕರಾದರು. ಸುತ್ತಲಿನ ಕಾಲೇಜುಗಳಲ್ಲಿ ಎಷ್ಟೋ ಹುಡುಗ ಹುಡುಗಿಯರು ಆ ಮೇಜಿನ ಎದುರು ಕುಳಿತು ಸೋತಿದ್ದಾರೆ. ಅವರ ಹತ್ತಿರ ಬಗೆಬಗೆಯ ಮಾಲಕರಿದ್ದರು. ಒಬ್ಬ ಚಹಾ ಕುಡಿಸಿ ಊರು ಕೇಳುವವನು. ಒಬ್ಬ ಕಣ್ಣೀರು ಹಾಕುವವನು: ಈ ಕೆಲಸ ನಿಂತರೆ ಕೂಲಿಯವರ ಮಕ್ಕಳು ಹಸಿವೆಯಿಂದ ಮಲಗುತ್ತಾರಪ್ಪ ಎನ್ನುವವನು. ಇನ್ನೊಬ್ಬ ಮಾತೇ ಆಡುತ್ತಿರಲಿಲ್ಲ. ಕಾಗದವನ್ನು ಮುಂದಿಟ್ಟು ಹುಡುಗನ ಮುಖವನ್ನು ಸುಮ್ಮನೆ ನೋಡುತ್ತಿದ್ದ. ಆ ಮೂಕ ಮಾಲಕನ ಮುಂದೆ ಹುಡುಗರು ತಾವಾಗಿಯೇ ಕಾರಣಗಳನ್ನು ಹುಡುಕಿಕೊಂಡು, ಪೆನ್ನು ಬೇಡಿ ಸಹಿ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವರು ಕಲಿಸುತ್ತಿದ್ದದ್ದು ಬಹಳ ಸಣ್ಣ ವಿದ್ಯೆ. ಯಾರಾದರೂ ಹುಡುಗ ಎದ್ದು ನಿಂತು, ಕೈ ಬೀಸಿ, ನಾನು ಇಂಥ ಪಾಪದ ಕೆಲಸ ಮಾಡುವವನಲ್ಲ ಎಂದು ಗರ್ಜಿಸಿದರೆ ಅವರಿಗೆ ಆಗುತ್ತಿರಲಿಲ್ಲ. "ಭಾಷಣ ಬ್ಯಾಡೋ. ನೀ ಭಾಷಣ ಮಾಡಿದರ ಅವಗೂ ಭಾಷಣ ಮಾಡಾಕ ಜಾಗಾ ಸಿಗತೈತಿ. 'ಇದಕ್ಕ ನನ್ನ ಸಹಿ ಆಗಂಗಿಲ್ರಿ' ಅನ್ನು. ಅಂದು ಸುಮ್ಮನಿರು. ಎದ್ದು ಓಡಬ್ಯಾಡ, ಕುಂತಿರು. ಆಮ್ಯಾಲ, ಮುಂದ ಏನ ಮಾಡೂಣ್ರಿ, ಅಂತ ನೀನ ಕೇಳು." ಕನ್ನಡದ ಹುಡುಗರು ಸಿಕ್ಕರೆ ಹೀಗೆ, ಉಳಿದವರಿಗೆ ಇದನ್ನೇ ಮರಾಠಿಯಲ್ಲಿ. ಹುಡುಗರು ಆ ಒಂದು ವಾಕ್ಯವನ್ನು ಹಾಡಿನ ತಾಲೀಮಿನಂತೆ ಮತ್ತೆ ಮತ್ತೆ ಹೇಳುತ್ತಿದ್ದರು. ಗಂಟಲು ನಡುಗದಂತೆ ಅದನ್ನು ಹೇಳುವುದು ಎಷ್ಟು ಕಷ್ಟ ಎಂದು ನೋಡಲು ನಾನೊಮ್ಮೆ ಆ ಕುರ್ಚಿಯಲ್ಲಿ ಕುಳಿತೆ. ಅವರು ನನ್ನ ತಾಯಿಯ ಮೊಣಕಾಲು ನೋವನ್ನು ವಿಚಾರಿಸಿಕೊಂಡ ರೀತಿಗೆ ನನ್ನ ಕೈ ಪೆನ್ನಿನ ಕಡೆಗೆ ಹೋಗಿತ್ತು.

ಅವರಿಗೆ ಎಲ್ಲದರ ಬಗ್ಗೆಯೂ ಪ್ರಶ್ನೆಗಳಿದ್ದವು. ಕುಪವಾಡದ ಫೌಂಡ್ರಿಗೆ ಕರೆದುಕೊಂಡು ಹೋದರೆ ಕಾಯಿಸಿದ ಕಬ್ಬಿಣದ ಹತ್ತಿರ ಹತ್ತಿರ ಹೋಗಿ, ಬಿಸಿಯಿಂದ ಮುಖ ಕೆಂಪಾದರೂ ಹಿಂದೆ ಸರಿಯುತ್ತಿರಲಿಲ್ಲ. ಲಿಫ್ಟಿನಲ್ಲಿ ಕನ್ನಡಿ ಯಾಕೆ ಇಡುತ್ತಾರೆ, ರಸ್ತೆಯ ಮಧ್ಯೆ ಚರಂಡಿಯ ಮುಚ್ಚಳವನ್ನು ದುಂಡಗೆ ಯಾಕೆ ಮಾಡುತ್ತಾರೆ ಎಂದೆಲ್ಲ ಕೇಳುವರು. ಇವಕ್ಕೆ ನನ್ನಲ್ಲಿ ಉತ್ತರವಿತ್ತು. ಆದರೆ ಒಮ್ಮೆ ಕೃಷ್ಣೆಯ ಹಳೆಯ ಸೇತುವೆಯನ್ನು ದಾಟುವಾಗ, "ಇದನ್ನ ಕಟ್ಟಿದವರು ಮುಂದ ಇದರ ಮ್ಯಾಲ ಅಡ್ಡಾಡಿರಬೇಕೇನ್ರಿ? ಅಡ್ಡಾಡುವಾಗ ಅವರಿಗೆ ಕೆಳಗ ನದಿ ಕಾಣತಿತ್ತೋ, ತಾವು ಮಾಡಿದ ಲೆಕ್ಕ ಕಾಣತಿತ್ತೋ?" ಎಂದರು. ನಾನು ನದಿ ನೋಡುತ್ತ ಕುಳಿತೆ.

ಒಂದು ಕಾರ್ಯಕ್ರಮದಲ್ಲಿ ಕಿಲಾಡಿ ಹುಡುಗನೊಬ್ಬ ಅವರನ್ನೇ ಹಿಡಿದ. ಕಾಕು, ನೀವು ವ್ಯಾಪಾರಸ್ಥರು, ಅರಿಶಿನದಲ್ಲಿ ಬಣ್ಣ ಬೆರೆಸುತ್ತಾರೆ ಅಂತ ಕೇಳಿದ್ದೇವೆ, ನೀವು ಬೆರೆಸಿಲ್ಲವೇ ಎಂದ. ಪ್ರೊಫೆಸರರು ಅವನನ್ನು ಗದರಿಸಲು ಎದ್ದರು. ಕಾಕು ಅವರನ್ನು ಕೈ ತೋರಿಸಿ ಕೂರಿಸಿದರು. ನಮ್ಮ ಮಾವನವರ ಕಾಲದಲ್ಲಿ ಆ ಬಣ್ಣದ ಪುಡಿ ಮಾರುವವನು ಬಾಗಿಲಿಗೇ ಬರುತ್ತಿದ್ದ, ನಾವು ಬೇಡ ಎಂದೆವು ಎಂದರು. ಹುಡುಗರು ಚಪ್ಪಾಳೆ ತಟ್ಟಲು ಹೊರಟಾಗ ಅವರನ್ನೂ ತಡೆದರು. "ತಡೀರಿ. ಬಾಜೂ ಅಂಗಡಿಗೆ ಸರಕಾರದವರು ಆಗ ಬೀಗ ಹಾಕಿದ್ದರು. ನಾವು ಅಂಜಿ ಬೇಡ ಅಂದದ್ದು. ಮುಂದೆ ಅದು ರೂಢಿಯಾಯಿತು. ಅಂಜಿಕೆ ಯಾವಾಗ ಹೋಯಿತು, ಒಳ್ಳೆಯತನ ಯಾವಾಗ ಬಂತು ಅಂತ ನನ್ನನ್ನು ಕೇಳಿದರೆ ನನಗೆ ಗೊತ್ತಿಲ್ಲ. ಬಂದಿದೆಯೋ ಇಲ್ಲವೋ ಅದೂ ಗೊತ್ತಿಲ್ಲ."

ಈ ಮಾತನ್ನು ನಾನು ಬಹಳ ದಿನ ತಲೆಯಲ್ಲಿಟ್ಟುಕೊಂಡು ತಿರುಗಿದೆ.

ಸಂಸ್ಥೆಗೆ ಸ್ವಂತ ಜಾಗವೆಂಬುದು ಇರಲಿಲ್ಲ. ಕಾಲೇಜುಗಳ ಹಾಲು ಬೇಡಬೇಕು, ಪರೀಕ್ಷೆ ಬಂದರೆ ಅವೂ ಇಲ್ಲ. ಆಗ ಕಾಕುವಿನ ತಮ್ಮ ಮುಂದೆ ಬಂದರು. ಅವರು ಬಿಲ್ಡರ್, ವಿಶ್ರಾಮಬಾಗದಲ್ಲಿ ಒಂದು ವ್ಯಾಪಾರಿ ಕಟ್ಟಡವನ್ನು ಆಗಷ್ಟೇ ಮುಗಿಸಿದ್ದರು. ಅದರ ಎರಡನೆಯ ಮಹಡಿಯ ಹಾಲನ್ನು ತಮ್ಮ ತಾಯಿಯ ಹೆಸರಿನಲ್ಲಿ ಸಂಸ್ಥೆಗೆ ಕೊಡುತ್ತೇನೆ ಎಂದರು. ತಾಯಿ ತೀರಿಕೊಂಡಾಗ ಈ ತಮ್ಮ ಇನ್ನೂ ಸಣ್ಣವರು. ಕಾಕುವೇ ಉಣಿಸಿ ತಿನಿಸಿ ದೊಡ್ಡವರನ್ನು ಮಾಡಿದ್ದು. ಹಾಲಿನ ಸುದ್ದಿ ಹೇಳುವಾಗ ಕಾಕುವಿನ ದನಿಯೇ ಬೇರೆಯಾಗಿತ್ತು. "ನಮ್ಮವ್ವ ಸಾಲಿ ಕಲಿತಾಕಿ ಅಲ್ರಿ. ಆಕಿ ಹೆಸರಿನ ಕೆಳಗ ಇಂಜಿನಿಯರ್ ಆಗೋ ಹುಡುಗೂರು ಕುಂದರತಾರ" ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ಉದ್ಘಾಟನೆಗೆ ಕೆಲವು ದಿನ ಇರುವಾಗ ನನ್ನ ವಿದ್ಯಾರ್ಥಿನಿ ಪ್ರಾಜಕ್ತಾ ಸ್ಟಾಫ್ ರೂಮಿಗೆ ಬಂದಳು. ಕುಪವಾಡದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವವರ ಮಗಳು. ಮನೆಯಲ್ಲಿ ಕನ್ನಡ, ಆದರೆ ಅವಳ ಕನ್ನಡ ಅರ್ಧ ದಾರಿಯಲ್ಲಿ ಮರಾಠಿಯಾಗುತ್ತಿತ್ತು. ಹಾಲಿನಲ್ಲಿ ಕುರ್ಚಿ ಹೊಂದಿಸುವ ಕೆಲಸವನ್ನು ನಾವು ಅವಳಿಗೆ ವಹಿಸಿದ್ದೆವು. ಅದಕ್ಕಾಗಿ ಅವಳು ಕಟ್ಟಡದ ನಕ್ಷೆಯನ್ನು ಕೇಳಿ ತೆಗೆದುಕೊಂಡಿದ್ದಳು.

"ಸರ್, ನಕಾಶಾದಾಗ ಹಿಂದ ಒಂದ ಬಾಗಲಾ ಐತಿ, ಎರಡನೇ ಜಿನಾಕ್ಕ ಹೋಗೂದು. ಪಣ ಅಲ್ಲಿ ಬಾಗಲಾನ ಇಲ್ರಿ."

ಜಿನಾ ಎಂದರೆ ಮೆಟ್ಟಿಲು, ಪಣ ಎಂದರೆ ಆದರೆ. ನಾನು ಹೋಗಿ ನೋಡಿದೆ. ಹಾಲಿನ ಹಿಂಭಾಗದಲ್ಲಿ ಬಾಗಿಲಿರಬೇಕಾದ ಜಾಗಕ್ಕೆ ಇಟ್ಟಿಗೆ ಕಟ್ಟಿ, ಸಿಮೆಂಟು ಮೆತ್ತಿ, ಬಣ್ಣ ಬಳಿದಿದ್ದರು. ಆಚೆಗಿದ್ದ ಎರಡನೆಯ ಮೆಟ್ಟಿಲ ಜಾಗ ಕೆಳಗಿನ ಫರ್ನಿಚರ್ ಅಂಗಡಿಯ ಉಗ್ರಾಣವಾಗಿತ್ತು. ಹಾಸಿಗೆ, ಸೋಫಾ, ಪ್ಲೈವುಡ್ ಎಲ್ಲ ಅಲ್ಲಿ ಮೇಲಿನ ತನಕ ಒಟ್ಟಿದ್ದವು. ಹಾಲು ತುಂಬಿದ ಹೊತ್ತಿನಲ್ಲಿ ಅದಕ್ಕೊಂದು ಕಿಡಿ ತಗುಲಿದರೆ ಮಕ್ಕಳು ಇಳಿಯಲು ಮುಂದಿನ ಇಕ್ಕಟ್ಟಾದ ಮೆಟ್ಟಿಲೊಂದೇ ದಾರಿ.

ಇಬ್ಬರೂ ಸೇರಿ ಮಧ್ಯಾಹ್ನ ಕಾಕುವಿನ ಮನೆಗೆ ಹೋದೆವು. ಅವರು ತಾಯಿಯ ಫೋಟೋಕ್ಕೆ ಹೊಸ ಕಟ್ಟು ಹಾಕಿಸಿ ತಂದಿದ್ದರು. ಅದನ್ನು ಮಂಚದ ಮೇಲೆ ಆನಿಸಿ ಇಟ್ಟು ಗಾಜು ಒರೆಸುತ್ತಿದ್ದರು.

"ಏನ್ರಿ ಸರ್, ಇಬ್ಬರೂ ಮಾರಿ ಸಣ್ಣದ ಮಾಡ್ಕೊಂಡ ಬಂದೀರಿ? ಕುಂದ್ರಿ."

ಪ್ರಾಜಕ್ತಾ ಹೇಳಿದಳು. ನಕ್ಷೆಯನ್ನು ಬಿಡಿಸಿ ತೋರಿಸಿದಳು. ಕಾಕು ಎಲ್ಲವನ್ನೂ ಕೇಳಿಸಿಕೊಂಡರು. ಸೊಸೆ ಚಹಾ ತಂದಿಟ್ಟಳು. ಕಾಕು ಒಂದು ಕಪ್ಪನ್ನು ಪ್ರಾಜಕ್ತಾಳ ಕಡೆಗೆ ಸರಿಸಿದರು.

"ತಗೋ, ಆರತೈತಿ. ನೀ ಹೇಳೂದು ಖರೇ ಐತಿ, ನಾ ಇಲ್ಲ ಅನ್ನಂಗಿಲ್ಲ. ಆದರ ನೋಡು, ಇಷ್ಟ ವರ್ಷ ಹಾಲ್ ಬೇಡಿಕೋತ ಊರೂರು ತಿರಗೇವಿ. ಇಂಥಾ ಜಾಗಾ ನಮಗ ಮತ್ತ ಯಾರು ಕೊಡತಾರ? ಉದ್ಘಾಟನಾ ಒಂದು ಆಗಲಿ. ಆಮ್ಯಾಲ ನಾನ ನಿಂತು ಆ ಗ್ವಾಡಿ ಒಡಸ್ತೀನಿ. ನೀ ನನ್ನ ಮಗಳಿದ್ದಂಗ. ನನ್ನ ಮಾತಿನ ಮ್ಯಾಲ ನಂಬಿಕಿ ಇಲ್ಲೇನು?"

ಪ್ರಾಜಕ್ತಾಳ ಮುಖದಲ್ಲಿ ಸಣ್ಣ ನಗು ಬಂತು. ಕಾಕು ಮಾಲಕನ ಪಾರ್ಟು ಮಾಡುತ್ತಿದ್ದಾರೆ ಎಂದು ಅವಳು ತಿಳಿದಳು. ಬೆನ್ನು ನೆಟ್ಟಗೆ ಮಾಡಿಕೊಂಡು, ಚಹಾ ಮುಟ್ಟದೆ, ಕಲಿಸಿದ ಹಾಗೆಯೇ ತಣ್ಣಗೆ ಹೇಳಿದಳು:

"ನಂಬಿಕಿ ಐತ್ರಿ ಕಾಕು. ಪಣ ಆ ಹಾಲ್‌ದಾಗ ಮಂದೀನ ಕುಂದರಸಾಕ ನಾ ಹೂಂ ಅನ್ನಂಗಿಲ್ರಿ." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಮುಂದ ಏನ ಮಾಡೂಣ್ರಿ?"

ನಾನು ಕಾಕುವಿನ ಮುಖವನ್ನೇ ನೋಡುತ್ತಿದ್ದೆ. ಈಗ ಕನ್ನಡಕ ತೆಗೆಯುತ್ತಾರೆ, ಸೆರಗಿನಿಂದ ಒರೆಸಿಕೊಳ್ಳುತ್ತಾರೆ, ಶಾಭಾಸ್ ಎನ್ನುತ್ತಾರೆ ಎಂದು ಕಾಯ್ದೆ. ಅವರು ಕನ್ನಡಕ ತೆಗೆಯಲಿಲ್ಲ. ಕೆನೆಗಟ್ಟುತ್ತಿದ್ದ ಚಹಾವನ್ನು ನೋಡುತ್ತ ಕುಳಿತರು. ಆಮೇಲೆ ಎದ್ದು ಒಳಗೆ ಹೋದರು. ಒಳಗೆ ಪಾತ್ರೆಯ ಸದ್ದಾಗಲಿ ಮಾತಾಗಲಿ ಇಲ್ಲ. ಪ್ರಾಜಕ್ತಾ ನನ್ನ ಕಡೆ ನೋಡಿದಳು. ಅವಳ ನಗು ಹೋಗಿತ್ತು.

ಹೊರಗೆ ಬಂದಾಗ ಕಾಕುವಿನ ಹೆಗಲ ಮೇಲೆ ಶಾಲು ಇತ್ತು.

"ಪ್ರಾಜಕ್ತಾ, ನೀ ಮನಿಗೆ ಹೋಗು. ಸರ್, ನಡ್ರಿ, ನಮ್ಮ ತಮ್ಮನ ಕಡೆ ಹೋಗೂಣು."

ತಮ್ಮನವರು ಆ ಕಟ್ಟಡದ ಕೆಳಗಿನ ಆಫೀಸಿನಲ್ಲೇ ಇದ್ದರು. ಅಕ್ಕನನ್ನು ಕಂಡು ಎದ್ದು ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಚಹಾ ಹೇಳಿದರು. ನನ್ನ ಊರು ಕೇಳಿದರು. ಬೇಡಗ ಎಂದೆ. "ಅರೇ, ನಮ್ಮವರ ಹಂಗಾರ ನೀವು!" ಎಂದು ಬಸಿಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. ಆ ಕೈಯನ್ನು, ಆ ದನಿಯನ್ನು ನಾನು ಎಷ್ಟೋ ಸಲ ವೇದಿಕೆಯ ಮೇಲೆ ಕಂಡಿದ್ದೆ, ಕೇಳಿದ್ದೆ. ಕಾಕು ಮಾಲಕನನ್ನು ಎಲ್ಲಿಂದ ಕಲಿತರು ಎಂಬ ನನ್ನ ಬಹಳ ದಿನದ ಪ್ರಶ್ನೆಗೆ ಉತ್ತರ ಎದುರಿಗೇ ಕುಳಿತಿತ್ತು.

"ಹಿಂದಿನ ಬಾಗಲದಾಗ ಗ್ವಾಡಿ ಯಾವಾಗ ಕಟ್ಟಿಸಿದಿ?" ಕಾಕು ಕೇಳಿದರು.

"ಓ, ಅದ? ಶೋರೂಮ್‌ನವರಿಗೆ ಸಾಮಾನ ಇಡಾಕ ಜಾಗಾ ಕಡಿಮಿ ಬಿದ್ದಿತ್ತಕ್ಕಾ. ಊರತುಂಬ ಹಿಂಗ ಐತಿ. ಯಾರ ಕೇಳತಾರ?"

"ನಾ ಕೇಳಾಕತ್ತೇನಿ."

ತಮ್ಮ ನಕ್ಕರು. ನಗು ಅರ್ಧಕ್ಕೆ ನಿಂತಿತು. "ಅಕ್ಕಾ, ಅವ್ವನ ಹೆಸರಿನ ಫಲಕ ತಯಾರ ಆಗೇತಿ. ಹಾಲ್ ಬಂದಾತು, ಕುರ್ಚಿ ಬಂದಾವು. ಈಗ ಒಂದು ಬಾಗಲದ ಸಲುವಾಗಿ ಎಲ್ಲಾ ಕೆಡಸಬ್ಯಾಡ. ಶೋರೂಮ್‌ನವರಿಗೆ ನಾ ಮಾತು ಕೊಟ್ಟೇನಿ."

"ಬಾಗಲಾ ತಗಸು. ತಗಸಿದ ಮ್ಯಾಲ ನಾವು ಬರ್ತೀವಿ."

"ಆಗಂಗಿಲ್ಲ ಅಂದರ?"

"ಈ ಹಾಲ್ ನಮಗ ಬ್ಯಾಡೋ ತಮ್ಮಾ."

"ನಿನಗ ನಾ ಹೆಚ್ಚೋ, ಆ ಕಾಲೇಜಿನ ಹುಡುಗೂರು ಹೆಚ್ಚೋ?"

ಕಾಕು ಉತ್ತರ ಕೊಡಲಿಲ್ಲ. ಎದ್ದು ಬರಲೂ ಇಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದರು. ತಮ್ಮನವರು ಫೋನು ತೆಗೆದರು, ಇಟ್ಟರು, ಮತ್ತೆ ತೆಗೆದರು. ಕೊನೆಗೆ ತಾವೇ ಎದ್ದು, ಕಾರಿನ ಕೀಲಿ ಎತ್ತಿಕೊಂಡು, ನನ್ನ ಕಡೆಗೂ ನೋಡದೆ ಹೊರಟು ಹೋದರು. ಯಜಮಾನರಿಲ್ಲದ ಆಫೀಸಿನಲ್ಲಿ ನಾವಿಬ್ಬರು ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದೆವು.

ವಾಪಸು ಬರುವಾಗ ದಾರಿಯಲ್ಲಿ ಅವರು ಹೇಳಿದರು. "ಸರ್, ಮನ್ಯಾಗ ಆ ಹುಡಿಗಿ ಮುಂದ ನಾ ಪಾರ್ಟು ಮಾಡಿರಲಿಲ್ರಿ. ಖರೇನ ಹೇಳಿದ್ದೆ."

ನಾನು ಅವರ ಕಡೆ ತಿರುಗಿದೆ.

"ಆಕಿ ನಕ್ಕಳಲ್ರಿ. ಆಗ ನನಗ ತಿಳೀತು, ನಾ ಏನ ಮಾತಾಡಾಕತ್ತೇನಿ ಅಂತ. ಆಕಿಗೆ ಹೇಳಬೇಕೇನ್ರಿ?"

"ಯಾಕ್ರಿ ಕಾಕು, ಬಿಡ್ರಿ" ಎಂದೆ.

ಪ್ರೊಫೆಸರರಿಗೆ ಸುದ್ದಿ ಮುಟ್ಟಿದಾಗ ಅವರು ಎದೆಗುಂದಿದರು. ಜೀವಮಾನದಲ್ಲಿ ಒಂದು ಜಾಗ ಸಿಕ್ಕಿತ್ತು ಎಂದು ಎರಡು ಸಲ ಹೇಳಿದರು. ಆದರೆ ಸಂಜೆಗೆ ತಾವೇ ಹೋಗಿ ಹಾಲಿನ ಮುಂದೆ ಕಟ್ಟಿದ್ದ ಸಂಸ್ಥೆಯ ಬ್ಯಾನರನ್ನು ಬಿಚ್ಚಿಕೊಂಡು ಬಂದರು. ಕಾರ್ಯಕ್ರಮ ಎಲ್ಲಿ ಮಾಡುವುದು? ಕಾಕು ತಮ್ಮ ಅರಿಶಿನದ ಗೋದಾಮನ್ನು ತೆರವು ಮಾಡಿಸಿದರು. ಎಷ್ಟು ಗುಡಿಸಿದರೂ ಅರಿಶಿನದ ಧೂಳು ಹೋಗುತ್ತದೆಯೇ? ಬಂದ ಹುಡುಗರೆಲ್ಲ ಸೀನಿದರು. ಮುಖ್ಯ ಅತಿಥಿಗಳ ಬಿಳಿ ಅಂಗಿ ಬೆನ್ನಿನಲ್ಲಿ ಹಳದಿಯಾಯಿತು. ಆದರೆ ಲಾರಿ ಬರುವಷ್ಟು ದೊಡ್ಡ ಬಾಗಿಲುಗಳು ಎರಡೂ ಕಡೆ ತೆರೆದಿದ್ದವು, ಗಾಳಿ ಆಡುತ್ತಿತ್ತು.

ಆ ದಿನ ಕಾಕು ಮಾಲಕನ ಕುರ್ಚಿಯಲ್ಲಿ ಕೂರಲಿಲ್ಲ. ನಿಂತುಕೊಂಡು, ಹಾಲು ಯಾಕೆ ಕೈಬಿಟ್ಟು ಹೋಯಿತು ಎಂಬುದನ್ನು ಮರಾಠಿಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದರು. ತಮ್ಮನನ್ನು ಹಳಿಯಲಿಲ್ಲ. ಪ್ರಾಜಕ್ತಾಳ ಮುಂದೆ ತಾವು ಆಡಿದ ಮಾತನ್ನು ಒಂದಕ್ಷರ ಬಿಡದೆ ಹೇಳಿ, ಅದು ನಾಟಕವಾಗಿರಲಿಲ್ಲ ಎಂದರು. ನಾನು ಬಿಡಿ ಎಂದಿದ್ದನ್ನು ಅವರು ಬಿಟ್ಟಿರಲಿಲ್ಲ. ಪ್ರಾಜಕ್ತಾ ಮುಂದಿನ ಸಾಲಿನಲ್ಲಿದ್ದಳು. ಅವಳು ತಲೆ ತಗ್ಗಿಸಿದಳು. ಆಮೇಲೆ ನನಗೆ ಅಂದಳು, "ಸರ್, ಖರೇ ಅಂತ ಆಗ ಗೊತ್ತಿದ್ದರ ನನಗ ಬ್ಯಾಡ ಅನ್ನಾಕ ಆಗತಿತ್ತೋ ಇಲ್ಲೋ." ಇದನ್ನು ಕಾಕುವಿಗೆ ಹೇಳಿದೆ. "ಹೌದ್ರಿ, ಅದ ನಮ್ಮ ಕಲಿಸೋಣದಾಗಿನ ಕೊರತಿ" ಎಂದರು.

ಆ ವರ್ಷ ದೀಪಾವಳಿಯ ಭಾವುಬೀಜಕ್ಕೆ ತಮ್ಮನವರು ಅಕ್ಕನ ಮನೆಗೆ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಆ ಹಬ್ಬದಲ್ಲಿ ಅಣ್ಣತಮ್ಮಂದಿರಿಗೆ ಆರತಿ ಬೆಳಗುವುದು ನಮ್ಮ ಕಡೆಯ ಮನೆಗಳಲ್ಲಿ ತಪ್ಪದ ಪದ್ಧತಿ. ಕಾಕು ಈ ಬಗ್ಗೆ ಮಾತಾಡುತ್ತಿರಲಿಲ್ಲ. ಸೊಸೆ ಮಾತ್ರ ಒಮ್ಮೆ, ಅತ್ತೆಯವರು ಸಂಜೆಯ ತನಕ ಆರತಿಯ ತಟ್ಟೆಯನ್ನು ತೆಗೆದಿಡಲು ಬಿಡಲಿಲ್ಲ ಎಂದಳು.

ಅಷ್ಟರಲ್ಲಿ ಒಂದು ಸಲ ಆ ಕಟ್ಟಡದ ಮುಂದೆ ಹಾಯುವಾಗ ನಾನು ಗಾಡಿ ನಿಲ್ಲಿಸಿದೆ. ಹಾಲಿನಲ್ಲಿ ಕೋಚಿಂಗ್ ಕ್ಲಾಸು ನಡೆಯುತ್ತಿತ್ತು. ಮೇಲೆ ಹತ್ತಿ ನೋಡಿದರೆ ಹಿಂದಿನ ಗೋಡೆ ಇಲ್ಲ! ಅಲ್ಲಿ ಬಾಗಿಲಿತ್ತು, ಆಚೆಗೆ ಮೆಟ್ಟಿಲಿತ್ತು, ಸೋಫಾಗಳು ಇರಲಿಲ್ಲ. ಕ್ಲಾಸಿನವರು ಹಟ ಹಿಡಿದು ತೆಗೆಸಿದರೋ, ಕಾರ್ಪೊರೇಶನ್ನಿನವರೋ, ತಮ್ಮನವರಿಗೇ ಮನಸ್ಸಾಯಿತೋ ಯಾರಿಗೂ ಗೊತ್ತಿರಲಿಲ್ಲ. ಓಡಿಹೋಗಿ ಕಾಕುವಿಗೆ ಹೇಳಿದೆ. "ನಡ್ರಿ, ನೋಡೂಣು" ಎಂದು ಉಟ್ಟ ಸೀರೆಯಲ್ಲೇ ಹೊರಟರು. ಮುಂದಿನ ಮೆಟ್ಟಿಲಿನಿಂದ ಹತ್ತಿ, ಪಾಠ ಮಾಡುತ್ತಿದ್ದ ಮೇಷ್ಟ್ರಿಗೆ ಕೈಮುಗಿದು, ಹಾಲನ್ನು ಹಾದು, ಹಿಂದಿನ ಮೆಟ್ಟಿಲಿನಿಂದ ಕಟಾಂಜನ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಳಿದರು. ಕೆಳಗೆ ಬಂದು ಉಸಿರು ಬಿಟ್ಟು, "ಚಲೋ ಗಟ್ಟಿ ಕಟ್ಟ್ಯಾನ್ರಿ" ಎಂದರು. ಅಷ್ಟೇ. ಈಗಲಾದರೂ ಹಾಲನ್ನು ಕೇಳೋಣವೇ ಎಂದೆ. ತಲೆ ಅಲ್ಲಾಡಿಸಿದರು. "ಊರೂರು ತಿರಗೂದ ಚಲೋ. ಒಂದ ಕಡೆ ಕುಂತರ ನಮ್ಮ ಪ್ರೊಫೆಸರ್ ಮತ್ತ ಭಾಷಣ ಚಾಲೂ ಮಾಡತಾರ."

ಕೊನೆಯ ವರ್ಷಗಳಲ್ಲಿ ಅವರನ್ನು ಕಾಡಿದ್ದು ಬೇರೆಯೇ ವಿಷಯ. ಪ್ರಾಜಕ್ತಾ ಪುಣೆಯಲ್ಲಿ ಸೈಟ್ ಇಂಜಿನಿಯರ್ ಆಗಿ ಸೇರಿದಳು. ಒಂದು ವರದಿಗೆ ಸಹಿ ಹಾಕುವುದಿಲ್ಲ ಎಂದು ತಣ್ಣಗೆ ಹೇಳಿ, ಎದ್ದು ಓಡದೆ ಕುಳಿತುಕೊಂಡಳು. ಕಂಪನಿಯವರು ಅವಳನ್ನೇ ಎಬ್ಬಿಸಿ, ಕೆಲಸದಿಂದ ತೆಗೆದು ಕಳಿಸಿದರು. ಫೋನಿನಲ್ಲಿ ಇದನ್ನು ಕೇಳಿದ ಕಾಕು ಹಿಗ್ಗಲಿಲ್ಲ. "ಬ್ಯಾಡ ಅನ್ನೂದು ಕಲಸೇವಿ ಸರ್. ಬ್ಯಾಡ ಅಂದ ಮ್ಯಾಲ ಊಟಾ ಎಲ್ಲಿ ಮಾಡಬೇಕು ಅಂತ ಕಲಸಿಲ್ಲ" ಎಂದರು. ಮರುದಿನದಿಂದಲೇ ಕುಪವಾಡದ ಕಾರ್ಖಾನೆಗಳ ಮಾಲಕರ ಮನೆಗಳಿಗೆ ಹೋಗತೊಡಗಿದರು. ಈ ಸಲ ನಿಜವಾದ ಮಾಲಕರ ಎದುರಿನ ಕುರ್ಚಿಯಲ್ಲಿ ಕುಳಿತು, ನಮ್ಮ ಹುಡುಗರು ಸುಳ್ಳು ಸಹಿ ಹಾಕುವುದಿಲ್ಲ, ಇಂಥವರು ನಿಮಗೆ ಬೇಕೋ ಬೇಡವೋ ಹೇಳಿ ಎಂದು ಕೇಳುತ್ತಿದ್ದರು. ಬೇಡ ಎಂದವರೂ ಇದ್ದರು. ಬೇಕು ಎಂದವರೂ ಇದ್ದರು. ಕೆಲಸ ಕಳೆದುಕೊಂಡ ಹುಡುಗರನ್ನು ಕೈಹಿಡಿಯುವ ಈ ಕೆಲಸವೇ ಈಗ ಸಂಸ್ಥೆಯ ಮುಖ್ಯ ಕೆಲಸವಾಗಿದೆ. ಪ್ರಾಜಕ್ತಾ ಕೂಡ ಹೀಗೇ ಊರಿಗೆ ಮರಳಿ, ಕುಪವಾಡದಲ್ಲಿ ಶೆಡ್ಡುಗಳನ್ನು ಕಟ್ಟುವವರೊಬ್ಬರ ಬಳಿ ಸೇರಿದಳು.

ಕಾಕುವನ್ನು ಮೀರಜಿನ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ತಿಳಿದು ಹೋದಾಗ ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಹಾಸಿಗೆಯ ಮೇಲೆ ಬಿದ್ದಿತ್ತು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ತಮ್ಮನವರು ಕುಳಿತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೋಸಂಬಿ ಸುಲಿಯುತ್ತಿದ್ದರು. ಎಷ್ಟು ದಿನದಿಂದ ಬರುತ್ತಿದ್ದಾರೋ, ಯಾರು ಕರೆದರೋ ನಾನು ಕೇಳಲಿಲ್ಲ. ಕಾಕು ತಲೆದಿಂಬಿಗೆ ಒರಗಿಕೊಂಡು ಅವರನ್ನೇ ನೋಡುತ್ತಿದ್ದರು. ಹೊಸ ಯಂತ್ರವನ್ನು ಕಂಡಾಗ ನೋಡುತ್ತಿದ್ದರಲ್ಲ, ಹಾಗೆ.

"ನನ್ನ ಮ್ಯಾಲ ಭಾಳ ಸಿಟ್ಟ ಬಂದಿತ್ತೇನೋ?" ಎಂದು ಕೇಳಿದರು.

"ಬಂದಿತ್ತು."

"ಈಗ?"

ತಮ್ಮನವರು ತೊಳೆಯ ಮೇಲಿನ ಬಿಳಿ ನಾರನ್ನು ನಿಧಾನವಾಗಿ ಬಿಡಿಸಿದರು. ಬೀಜ ತೆಗೆದು ಅಂಗೈಯಲ್ಲಿಟ್ಟುಕೊಂಡರು.

"ಈಗೂ ಐತಿ" ಎಂದು, ತೊಳೆಯನ್ನು ಅಕ್ಕನ ಬಾಯಿಗಿಟ್ಟರು.

ಕಾಕು ಅದನ್ನು ಚೀಪುತ್ತ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ಆಮೇಲೆ, ಇನ್ನೊಂದು ಕೊಡು ಎಂದು ಬಾಯಿ ತೆರೆದರು.